ಅಪ್ಸರಕೊಂಡಕ್ಕೆ ಹೋಗೋದು ಹೇಗೆ, ಯಾವಾಗ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಲ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಗ್ಗೆ ಬರೀವಾಗ, ಅದರ ಹತ್ರ ಕಡಲ ಪಕ್ಕದ ಗುಡ್ಡದಲ್ಲಿರೋ ಸಣ್ಣ ಜಲಪಾತ ಅಪ್ಸರಕೊಂಡದ ಬಗ್ಗೆ ಒಂದು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೇ ಜಾಸ್ತಿ ಪ್ರಶ್ನೆ ಬಂದಿದೆ. ನನಗೆ ತುಂಬ ಪ್ರೀತಿಯ ಜಾಗ ಅದು, ಹಂಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಫೋಟೋದಲ್ಲಿ ನೋಡಿದ್ರೆ ಫಾಲ್ಸ್ ತುಂಬಾ ಚಿಕ್ಕದು ಅನ್ಸುತ್ತೆ. ನಾವು ಹೇಗೂ ಜೋಗಕ್ಕೆ ಹೋಗ್ತಿದೀವಿ, ಅದನ್ನ ನೋಡಿದ ಮೇಲೆ ಇದನ್ನ ನೋಡೋದರಲ್ಲಿ ಏನಿದೆ? (ದಾವಣಗೆರೆಯ ಓದುಗರು)

ಹೌದು, ಚಿಕ್ಕದೇ. ಜೋಗ 253 ಮೀಟರ್, ಇದು ಸುಮಾರು ಹತ್ತು ಮೀಟರ್ ಇರಬಹುದು. ಆದ್ರೆ ಜೋಗವನ್ನ ನೀವು ಆಚೆ ದಡದಲ್ಲಿ ನಿಂತು ದೂರದಿಂದ ನೋಡ್ತೀರಿ, ಇಲ್ಲಿ ನೀರು ಬೀಳೋದರ ಎದುರಿಗೇ ಕಲ್ಲಿನ ಮೇಲೆ ಕೂತ್ಕೋಬಹುದು, ಮುಖಕ್ಕೆ ಹನಿ ಹಾರ್ತದೆ. ಹೈವೇಲಿ ಬರುವಾಗ ಬಿಸಿಲು, ಉಪ್ಪುಗಾಳಿ, ಬೆವರು, ಅಂಗಿ ಮೈಗೆ ಅಂಟಿರ್ತದೆ, ಅಲ್ಲಿಂದ ಕೆಳಗೆ ಇಳಿದ್ರೆ ಮರ ಎಲ್ಲ ತಲೆ ಮೇಲೆ ಕೂಡ್ಕೊಂಡು ಮಧ್ಯಾಹ್ನದಲ್ಲೂ ಅರೆಗತ್ತಲೆ, ಮೈ ತಣ್ಣಗಾಗ್ತದೆ, ಹತ್ತು ನಿಮಿಷ ಯಾರೂ ಮಾತಾಡಲ್ಲ. ಪಕ್ಕದಲ್ಲೇ ಪಾಂಡವರ ಗುಹೆ ಅಂತ ಊರವರು ಕರೆಯೋ ಗುಹೆಗಳಿವೆ. ಗುಡ್ಡದ ಮೇಲೆ ಹತ್ತಿದ್ರೆ ಪಾರ್ಕು, ಅಲ್ಲಿ ನಿಂತ್ರೆ ಅರಬ್ಬಿ ಸಮುದ್ರ ಪೂರ್ತಿ ಕಾಣ್ತದೆ. ಕಾಡಿನ ನೆರಳು, ಬೀಳೋ ನೀರು, ಸಮುದ್ರ, ಮೂರೂ ಒಂದೇ ಗುಡ್ಡದಲ್ಲಿ. ಜೋಗದ ಜೊತೆ ಹೋಲಿಸ್ಬೇಡಿ, ಒಂದೇ ದಿನಕ್ಕೆ ಎರಡನ್ನೂ ತುರುಕಲೂಬೇಡಿ. ಇಲ್ಲಿಗೆ ಅರ್ಧ ದಿನ ಕೊಡಿ, ಇಲ್ಲಾಂದ್ರೆ ಹೋಗೋದೇ ಬೇಡ ಅಂತೀನಿ ನಾನು.

ಪ್ರಶ್ನೆ: ಕೊಂಡ ಅಂದ್ರೆ ತೆಲುಗಲ್ಲಿ ಬೆಟ್ಟ. ಅಪ್ಸರೆಯರ ಬೆಟ್ಟ ಅಂತಾನಾ ಅರ್ಥ? (ಬಳ್ಳಾರಿ)

ಗುಡ್ಡದ ಮೇಲೇ ಇರೋದ್ರಿಂದ ಹಂಗೆ ಅನ್ಸೋದು ಸಹಜ, ಆದ್ರೆ ಅಲ್ಲ. ಇದು ಕನ್ನಡದ ಕೊಂಡ, ಅಂದ್ರೆ ಗುಂಡಿ, ಹೊಂಡ. ಮೈಸೂರು ಕಡೆ ಕೊಂಡ ಹಾಯೋದು ಅಂತಾರಲ್ಲ, ಕೆಂಡದ ಗುಂಡಿ, ಅದೇ ಪದ. ಇಲ್ಲಿ ನೀರಿನ ಗುಂಡಿ. ಅಪ್ಸರೆಯರು ಇಳಿದು ಬಂದು ಸ್ನಾನ ಮಾಡ್ತಿದ್ದ ಕೊಳ ಅಂತ ಊರಲ್ಲಿ ಕಥೆ. ಹೆಸರು ಇಟ್ಟೋರ ಕಣ್ಣು ಗುಡ್ಡದ ಮೇಲೂ ಇಲ್ಲ, ಬೀಳೋ ನೀರಿನ ಮೇಲೂ ಇಲ್ಲ, ಕೆಳಗೆ ನಿಂತ ನೀರಿನ ಮೇಲೆ ಇತ್ತು, ನನಗೆ ಇದು ಬಹಳ ಇಷ್ಟ.

ಪ್ರಶ್ನೆ: ಮಕ್ಕಳಿಗೆ ರಜೆ ಇರೋದು ಏಪ್ರಿಲ್, ಮೇನಲ್ಲಿ. ಆವಾಗ ನೀರು ಇರುತ್ತಾ? (ಬೆಂಗಳೂರು)

ಆವಾಗ ಬರಬೇಡಿ ಅಂತ ಹೇಳೋಕೆ ಬೇಜಾರು, ಆದ್ರೆ ನಿಜ ಹೇಳ್ಬೇಕಲ್ಲ, ಬೇಸಿಗೆಯಲ್ಲಿ ನೀರು ಬರೀ ಸಣ್ಣ ಎಳೆ ಆಗಿರ್ತದೆ. ಈ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೇಲೇ ಮಳೆ ಬೀಳ್ತದೆ, ಆದ್ರೆ ಹೆಚ್ಚುಕಮ್ಮಿ ಎಲ್ಲ ಜೂನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ. ಮತ್ತೆ ಮಳೆ ನಿಂತ ತಕ್ಷಣ ಯಾಕೆ ಒಣಗಲ್ಲ ಅಂದ್ರೆ ಈ ಕಡೆ ಗುಡ್ಡಗಳೆಲ್ಲ ಚಿರೇಕಲ್ಲು, ಮನೆ ಕಟ್ಟೋಕೆ ಕಡಿಯೋ ಕೆಂಪು ತೂತುತೂತು ಕಲ್ಲು. ಅದು ಮಳೆಗಾಲ ಪೂರ್ತಿ ನೀರು ಕುಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬುಡದಲ್ಲಿ ಒರತೆಯಾಗಿ ಬಿಡ್ತದೆ, ಹಂಗಾಗಿ ಮಳೆ ಹೋಗಿ ಎಷ್ಟೋ ದಿನ ಆದ ಮೇಲೂ ನೀರು ಬರ್ತಾ ಇರ್ತದೆ. ನನ್ನ ಕೇಳಿದ್ರೆ ದಸರಾ ರಜೆ. ಮಳೆ ಕಮ್ಮಿ ಆಗಿರ್ತದೆ, ನೀರಿನ ಕೆಸರು ಬಣ್ಣ ಹೋಗಿ ತಿಳಿಯಾಗಿರ್ತದೆ, ಎಲೆ ಎಲ್ಲ ಇನ್ನೂ ಹಸಿರು. ಏಪ್ರಿಲ್‌ನಲ್ಲೇ ಬರೋದಾದ್ರೆ ಫಾಲ್ಸ್ ಆಸೆ ಬಿಟ್ಟು ನೆರಳಿಗೆ, ಸಂಜೆ ಗುಡ್ಡದ ಮೇಲಿಂದ ಸೂರ್ಯ ಮುಳುಗೋದು ನೋಡೋಕೆ ಬನ್ನಿ.

ಪ್ರಶ್ನೆ: ಹುಡುಗ್ರು ಇಬ್ರು, 14 ಮತ್ತ 16 ವಯಸ್ಸು, ಈಜು ಬರ್ತೈತ್ರಿ. ನೀರಿಗೆ ಬಿಡಬಹುದೇನ್ರಿ? (ಧಾರವಾಡ)

ಮಳೆಗಾಲದಲ್ಲಿ ಖಂಡಿತ ಬೇಡ. ಈಜು ಬರೋದು ಬಿಡೋದು ಇಲ್ಲಿ ಪ್ರಶ್ನೆನೇ ಅಲ್ಲ. ಹಳ್ಳ ಚಿಕ್ಕದು, ಗುಡ್ಡದ ಮೇಲೆ ಒಂದು ಜೋರು ಮಳೆ ಬಿದ್ರೆ ಕೆಳಗೆ ನೀರು ಒಮ್ಮೆಲೇ ಏರ್ತದೆ, ಕೆಳಗಿದ್ದೋರಿಗೆ ಮರದ ಮರೆಯಲ್ಲಿ ಮೋಡನೂ ಕಾಣ್ಸಲ್ಲ. ಇನ್ನೊಂದು ಹಾವಸೆ, ಅಂದ್ರೆ ಕಲ್ಲಿನ ಮೇಲಿನ ಪಾಚಿ. ನಾನೇ ಒಂದು ಸಲ ಅಕ್ಟೋಬರ್‌ನಲ್ಲಿ ಚಪ್ಪಲಿ ಹಾಕ್ಕೊಂಡು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಜಾರಿ ಮೊಣಕೈ ಒಡ್ಕೊಂಡಿದ್ದೆ, ನೀರು ಪಾದದಷ್ಟೂ ಇರ್ಲಿಲ್ಲ ಅಲ್ಲಿ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಅಂಚಲ್ಲಿ ಕಾಲು ಇಳಿಬಿಟ್ಟು ಕೂರ್ಲಿ. ಮೇಲಿಂದ ಜಿಗಿಯೋದು ಯಾವ ಕಾಲಕ್ಕೂ ಬೇಡ, ಅಡಿಯಲ್ಲಿ ಕಲ್ಲು ಎಲ್ಲಿದೆ ಅಂತ ಕಾಣಲ್ಲ. ಅಲ್ಲಿ ಬೋರ್ಡ್ ಹಾಕಿದ್ರೆ, ಸಿಬ್ಬಂದಿ ಬೇಡ ಅಂದ್ರೆ ಅದನ್ನೇ ಕೇಳಿ, ವಾದ ಮಾಡ್ಬೇಡಿ.

ಪ್ರಶ್ನೆ: ಅಮ್ಮನಿಗೆ 72, ಮಂಡಿನೋವು. ಕರ್ಕೊಂಡು ಹೋಗ್ಬಹುದಾ? (ಮೈಸೂರು)

ಹೋಗ್ಬಹುದು. ಮೆಟ್ಟಿಲು ಇವೆ, ಆದ್ರೆ ಒದ್ದೆ ಇದ್ರೆ ಕೆಳಗೆ ಇಳಿಸ್ಬೇಡಿ. ಅಲ್ಲೇ ಉಗ್ರ ನರಸಿಂಹ, ಗಣಪತಿ ದೇವಸ್ಥಾನ ಇದೆ, ಅಲ್ಲಿ ನೆರಳಲ್ಲಿ ಕೂತಿರ್ಲಿ, ನೀವು ಸರದಿ ಮೇಲೆ ಹೋಗಿ ಬನ್ನಿ.

ಪ್ರಶ್ನೆ: ಸ್ವಂತ ಗಾಡಿ ಇಲ್ಲ. ರೈಲು, ಬಸ್ಸಲ್ಲಿ ಆಗುತ್ತಾ? (ಬೆಂಗಳೂರು)

ಆಗ್ತದೆ. ಕಾರವಾರಕ್ಕೆ ಹೋಗೋ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದ್ರೆ ಬೆಳಿಗ್ಗೆ ಹೊನ್ನಾವರ, ಟೈಮು ಒಂದು ಸಲ ನೋಡ್ಕೊಳ್ಳಿ. ಸ್ಟೇಷನ್‌ಗಿಂತ ಸ್ವಲ್ಪ ಮುಂಚೆ ಕಿಟಕಿ ಹತ್ರ ಇರಿ, ಶರಾವತಿ ಮೇಲೆ 2 ಕಿಲೋಮೀಟರ್‌ಗಿಂತ ಉದ್ದದ ಸೇತುವೆ ದಾಟ್ತೀರಿ, ಕೊಂಕಣ ರೈಲ್ವೆಯಲ್ಲೇ ಅದು ಅತಿ ಉದ್ದದ್ದು. ಊರಿಂದ ಅಪ್ಸರಕೊಂಡಕ್ಕೆ ಸುಮಾರು 8 ಕಿಲೋಮೀಟರ್, ಭಟ್ಕಳ ರಸ್ತೆಯಲ್ಲಿ ಹೋಗಿ ಕಾಸರಕೋಡು (ಕೇರಳದ ಕಾಸರಗೋಡು ಅಲ್ಲ, ಇಲ್ಲೇ ಪಕ್ಕದ ಊರು) ದಾಟಿ ಬಲಕ್ಕೆ ಸಮುದ್ರದ ಕಡೆ ತಿರುಗೋದು. ಆಟೋದವರ ಹತ್ರ ಹೋಗಿ ಬರೋಕೆ, ಕಾಯೋಕೆ ಎಲ್ಲ ಸೇರಿಸಿ ಮೊದಲೇ ಮಾತಾಡ್ಕೊಳ್ಳಿ, ವಾಪಸ್ ಬರೋಕೆ ಅಲ್ಲಿ ಗಾಡಿ ಸಿಗೋದು ಗ್ಯಾರಂಟಿ ಇಲ್ಲ.

ಪ್ರಶ್ನೆ: ಚಪಾತಿ, ಚಿತ್ರಾನ್ನ ಕಟ್ಕೊಂಡು ಹೋಗಿ ಅಲ್ಲೇ ತಿಂದ್ರೆ ಪರವಾಗಿಲ್ವಾ? (ಶಿವಮೊಗ್ಗ)

ಪಾರ್ಕಲ್ಲಿ ಕೂತು ತಿನ್ನಿ, ನೀರಿನ ಹತ್ರ ಬೇಡ. ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ಆ ಹಳ್ಳ ಕೊಳದಿಂದ ಹೊರಟು ಸ್ವಲ್ಪ ದೂರದಲ್ಲೇ ಸಮುದ್ರ ಸೇರ್ತದೆ, ಮಧ್ಯದಲ್ಲಿ ದೊಡ್ಡ ಹೊಳೆ, ಡ್ಯಾಮು ಏನೂ ಇಲ್ಲ. ನೀವು ಕೊಳದಲ್ಲಿ ಬಿಟ್ಟ ಚಿಪ್ಸ್ ಕವರು ಒಂದು ಮಳೆಗೆ ಕಡಲಲ್ಲಿ ಇರ್ತದೆ. ಇದೇ ಕಾಸರಕೋಡಿನ ದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರ್ತವೆ, ಇಲ್ಲಿನ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಶುಚಿಯಾದ ಸುರಕ್ಷಿತ ಬೀಚ್‌ಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ, ಅಪ್ಸರಕೊಂಡ ಮುಗಳಿ ಭಾಗದ ಕಡಲನ್ನೇ ಕಡಲಜೀವಿ ಅಭಯಾರಣ್ಯ ಮಾಡಿದ್ದಾರೆ. ಆಮೆಗೆ ನೀರಲ್ಲಿ ತೇಲೋ ಪ್ಲಾಸ್ಟಿಕ್ಕೂ ಲೋಳೆಮೀನೂ (ಜೆಲ್ಲಿಫಿಶ್) ಒಂದೇ ಥರ ಕಾಣ್ತದೆ, ತಿಂದು ಸಾಯ್ತಾವೆ. ಚಿತ್ರಾನ್ನ ಬಾಳೆಎಲೆಯಲ್ಲಿ ಕಟ್ಟಿ, ನೀರು ಸ್ಟೀಲ್ ಬಾಟ್ಲಿಯಲ್ಲಿ ತನ್ನಿ, ಒಂದು ಖಾಲಿ ಚೀಲ ಇಟ್ಕೊಳ್ಳಿ. ಎಲೆನೂ ಅದರಲ್ಲೇ ಹಾಕಿ ಊರಿಗೆ ವಾಪಸ್ ಒಯ್ಯಿರಿ.