ಬುಟ್ಟಿ ಎಕ್ಸ್‌ಪೋರ್ಟ್ ಪಿಐ: ದಯವಿಟ್ಟು ಆ 'ಎಫ್‌ಒಬಿ' ಅಳಿಸಿ

ಸರ್, ನೀವು ಗುಂಪಿಗೆ ಹಾಕಿದ ಪಿಐ (ಪ್ರೊಫಾರ್ಮಾ ಇನ್‌ವಾಯ್ಸ್, ಮಾರಾಟಕ್ಕೆ ಮುಂಚೆ ಬೈಯರಿಗೆ ಕಳಿಸುವ ಬೆಲೆ-ಷರತ್ತಿನ ಪಟ್ಟಿ) ಫೋಟೊ ನೋಡಿದೆ. ಬಿದಿರು ಬುಟ್ಟಿ, 2,000 ಪೀಸು, ಎಲ್‌ಸಿಎಲ್ (ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ), ಬೈಯರ್ ಗೊತ್ತು ಮಾಡಿದ ಫಾರ್ವರ್ಡರ್ (ಸಾಗಣೆ ಏಜೆಂಟ್), ಸೈಟ್ ಎಲ್‌ಸಿ (ಕಾಗದ ಸರಿಯಿದ್ದರೆ ಕೂಡಲೇ ದುಡ್ಡು ಕೊಡುತ್ತೇವೆಂಬ ಬ್ಯಾಂಕಿನ ಪತ್ರ). ಬೆಲೆಯ ಮುಂದೆ ಬರೀ 'ಎಫ್‌ಒಬಿ' (ಫ್ರೀ ಆನ್ ಬೋರ್ಡ್, ಹಡಗಿಗೆ ಏರಿಸಿಕೊಡುವ ಷರತ್ತು). ಬಂದರಿನ ಹೆಸರೂ ಇಲ್ಲ. "ಕಳಿಸಬಹುದಾ?" ಅಂತ ಕೇಳಿದ್ದೀರಿ. ಕಳಿಸಬೇಡಿ. ಕೆಳಗೆ ಆರೇಳು ಜನ 'ಸೂಪರ್ ಸರ್' ಅಂತ ಹಾಕಿದ್ದಾರೆ. ಅವರಲ್ಲಿ ಒಬ್ಬರಾದರೂ ಆ ಸಾಲು ಓದಿದ್ದಾರಾ ಅಂತ ನನಗೆ ಅನುಮಾನ. ನನ್ನ ಮೊದಲ ದೊಡ್ಡ ಆರ್ಡರಿನ ಪಿಐ ಕೂಡ ಹೆಚ್ಚುಕಮ್ಮಿ ಹೀಗೇ ಇತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕಳಿಸಿದ್ದೂ ಹೆಣೆದ ಬುಟ್ಟಿಗಳೇ. ಬೈಯರ್ ಹೇಳಿದ ಫಾರ್ವರ್ಡರ್ ಗೋದಾಮಿಗೆ ಮಾಲು ಇಳಿಸಿ, ರಸೀತಿ ತೆಗೆದುಕೊಂಡು ಬಂದೆ. ನನ್ನ ಲೆಕ್ಕದಲ್ಲಿ ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಎಲ್‌ಸಿಎಲ್ ಅಲ್ವಾ, ಬೇರೆಯವರ ಮಾಲೂ ಬಂದು ಕಂಟೇನರ್ ತುಂಬುವ ತನಕ ಕಾಯಬೇಕು. ಆ ನಡುವೆ ಒಂದು ರಾತ್ರಿ ಜೋರು ಮಳೆ, ಗೋದಾಮಿನೊಳಗೆ ನೀರು. ಕೆಳಗಿನ ಎರಡು ಸಾಲು ಪೆಟ್ಟಿಗೆ ನೆನೆದವು. ಬುಟ್ಟಿಗೆ ನೀರು ತಾಗಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನನಗೆ ಫೋನ್ ಬರುವಷ್ಟರಲ್ಲಿ ಬೂಷ್ಟು ಹಿಡಿದಿತ್ತು.

ಗೋದಾಮು ನನ್ನದಲ್ಲ. ಫಾರ್ವರ್ಡರಿಗೆ ದುಡ್ಡು ಕೊಡುವವರು ಬೈಯರ್. ಆದರೂ ನಷ್ಟ ನನ್ನ ತಲೆಗೇ ಬಂತು. ಎಫ್‌ಒಬಿಯಲ್ಲಿ ಮಾಲು ಹಡಗಿನ ಮೇಲೆ ಏರುವ ತನಕ ರಿಸ್ಕ್ ಮಾರುವವನದು, ಗೋದಾಮು ಯಾರದ್ದೇ ಇರಲಿ. ಬೈಯರ್ ಇನ್ಶೂರೆನ್ಸ್ ಮಾಡಿಸಿದ್ದರು, ಆದರೆ ಅವರ ಪಾಲಿಸಿ ಶುರುವಾಗುವುದೇ ರಿಸ್ಕ್ ಅವರ ಕಡೆಗೆ ದಾಟಿದ ಮೇಲೆ. ನಾನೋ, 'ಎಫ್‌ಒಬಿ ತಾನೆ, ಇನ್ಶೂರೆನ್ಸ್ ಅವರ ತಲೆನೋವು' ಅಂತ ಸುಮ್ನೆ ಇದ್ದೆ. ಗೋದಾಮಿನಿಂದ ಹಡಗಿನವರೆಗಿನ ಆ ಕೆಲವು ದಿನ ಮಾಲಿಗೆ ಯಾರ ಕೊಡೆಯೂ ಇರಲಿಲ್ಲ.

ಹಾಳಾದ ಬುಟ್ಟಿಗಳನ್ನು ಮತ್ತೆ ಹೆಣೆಸಿ ಕಳಿಸಲು ಸಮಯ ಹೋಯಿತು. ಬಿಎಲ್‌ನಲ್ಲಿ (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಸಾಗಣೆ ಕಾಗದ) ಬಿದ್ದ ಆನ್‌ಬೋರ್ಡ್ ದಿನಾಂಕ, ಅಂದರೆ ಮಾಲು ಹಡಗಿಗೇರಿದ ದಿನ, ಎಲ್‌ಸಿಯ ಕೊನೇ ಶಿಪ್‌ಮೆಂಟ್ ದಿನಾಂಕಕ್ಕಿಂತ ಎರಡು ದಿನ ಆಚೆ. ಬ್ಯಾಂಕಿನಿಂದ ಡಿಸ್ಕ್ರಿಪೆನ್ಸಿ, ಅಂದರೆ ಕಾಗದ ಎಲ್‌ಸಿಗೆ ತಾಳೆಯಾಗಿಲ್ಲ ಎಂಬ ಆಕ್ಷೇಪ. ಮಳೆ, ನೀರು ಅಂತ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಎಲ್‌ಸಿಯಲ್ಲಿ ಬ್ಯಾಂಕ್ ನೋಡುವುದು ಕಾಗದವನ್ನು, ಮಾಲನ್ನಲ್ಲ. ಕೊನೆಗೆ ಬೈಯರ್ ಒಪ್ಪಿಕೊಂಡರು, ರಿಯಾಯಿತಿ ಕಿತ್ತುಕೊಂಡು. ಆ ಆರ್ಡರಿನಲ್ಲಿ ನನಗೆ ಉಳಿದದ್ದು ರಸೀತಿಗಳ ಫೈಲ್ ಒಂದೇ.

ನಿಮ್ಮ ಮಾಲಿಗೆ ಬೇಕಾದದ್ದು ಎಫ್‌ಸಿಎ (ಫ್ರೀ ಕ್ಯಾರಿಯರ್): ಹೇಳಿದ ಜಾಗದಲ್ಲಿ ಬೈಯರ್ ಗೊತ್ತು ಮಾಡಿದ ಸಾಗಣೆದಾರರಿಗೆ ಒಪ್ಪಿಸಿದರೆ ಅಲ್ಲಿಗೆ ನಿಮ್ಮ ರಿಸ್ಕ್ ಮುಗಿಯಿತು. ಕಂಟೇನರ್ ಮಾಲನ್ನು ನೀವು ಹಡಗಿನ ಹತ್ತಿರ ಒಯ್ಯುವುದೇ ಇಲ್ಲ, ಟರ್ಮಿನಲ್ಲಿಗೋ ಗೋದಾಮಿಗೋ ಒಪ್ಪಿಸುತ್ತೀರಿ. ಇಂಥ ಕಡೆ ಎಫ್‌ಒಬಿ ಸೂಕ್ತವಲ್ಲ ಅಂತ ಇನ್‌ಕೋಟರ್ಮ್ಸ್ (ಈ ಪದಗಳ ಅಂತರರಾಷ್ಟ್ರೀಯ ನಿಯಮ) ಪುಸ್ತಕದಲ್ಲೇ ಇದೆ. 2020ರ 11 ನಿಯಮಗಳಲ್ಲಿ ಎಫ್‌ಎಎಸ್, ಎಫ್‌ಒಬಿ, ಸಿಎಫ್‌ಆರ್, ಸಿಐಎಫ್ ನಾಲ್ಕೂ ಜಲಮಾರ್ಗಕ್ಕೆ ಮಾತ್ರ. ಆದರೂ ಏರ್ ಕಾರ್ಗೋಗೂ ಎಫ್‌ಒಬಿ ಬರೆಯುವ ಮಹಾನುಭಾವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಪಿಐನಲ್ಲಿ ಹೀಗೆ ಬರೆಯಿರಿ: ಎಫ್‌ಸಿಎ, ಗೋದಾಮಿನ ಪೂರ್ತಿ ವಿಳಾಸ, ಇನ್‌ಕೋಟರ್ಮ್ಸ್ 2020. ಊರಿನ ಹೆಸರು ಮಾತ್ರ ಹಾಕಿದರೆ ಸಾಲದು. ಜಾಗದ ಮೇಲೆ ಎಲ್ಲಾ ಬದಲಾಗುತ್ತದೆ. ನಿಮ್ಮ ಜಾಗದಲ್ಲೇ ಒಪ್ಪಿಸುವುದಾದರೆ ಅವರ ಗಾಡಿಗೆ ಲೋಡ್ ಮಾಡಿಕೊಡುವುದು ನಿಮ್ಮ ಕೆಲಸ. ಬೇರೆ ಕಡೆ ಒಪ್ಪಿಸುವುದಾದರೆ ನಿಮ್ಮ ಗಾಡಿಯಲ್ಲಿ ಅಲ್ಲಿಗೆ ಮುಟ್ಟಿಸಿದರೆ ಸಾಕು, ಇಳಿಸಿಕೊಳ್ಳುವುದು ಅವರ ಪಾಡು. ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಎರಡರಲ್ಲೂ ನಿಮ್ಮದೇ. ಹಾಗಂತ ತಲೆನೋವೇ ಬೇಡ ಎಂದು ಎಕ್ಸ್‌ವರ್ಕ್ಸ್‌ಗೆ (ನಿಮ್ಮ ಬಾಗಿಲಲ್ಲೇ ಮಾಲು ಒಪ್ಪಿಸುವ ಷರತ್ತು) ಹಾರಬೇಡಿ. ಅದರಲ್ಲಿ ನಿಮ್ಮ ದೇಶದ ಕಸ್ಟಮ್ಸ್ ಕೆಲಸವನ್ನು ಪರದೇಶದ ಬೈಯರ್ ಮಾಡಬೇಕಾಗುತ್ತದೆ, ಕೊನೆಗೆ ಅದು ನಿಮ್ಮ ಬಾಗಿಲಿಗೇ ಬರುತ್ತದೆ.

ಎಫ್‌ಸಿಎ ಅಂದ ತಕ್ಷಣ ಎಲ್‌ಸಿಯ ಒಂದು ಸಿಕ್ಕು ಎದುರಾಗುತ್ತದೆ. ಎಲ್‌ಸಿ ಆನ್‌ಬೋರ್ಡ್ ಬಿಎಲ್ ಕೇಳುತ್ತದೆ, ನೀವೋ ಮಾಲನ್ನು ಗೋದಾಮಿನಲ್ಲೇ ಒಪ್ಪಿಸಿ ಬಂದಿರುತ್ತೀರಿ. 2020ರ ಆವೃತ್ತಿಯಲ್ಲಿ ಇದಕ್ಕೊಂದು ದಾರಿ ಇದೆ. ಆನ್‌ಬೋರ್ಡ್ ಬಿಎಲ್ಲನ್ನು ನಿಮಗೆ ಕೊಡುವಂತೆ ಬೈಯರ್ ಕ್ಯಾರಿಯರಿಗೆ ಹೇಳಬೇಕು ಅಂತ ಇಬ್ಬರೂ ಒಪ್ಪಂದದಲ್ಲೇ ಬರೆದುಕೊಳ್ಳಬಹುದು. ತಾನಾಗಿ ಆಗುವುದಿಲ್ಲ, ಬರೆಯಲೇಬೇಕು. ಕ್ಯಾರಿಯರ್ ಕೊಡದಿದ್ದರೆ ಅದು ಬೇರೆ ಗೋಳು. ನನಗೆ ಜಾಸ್ತಿ ಕೈಹಿಡಿದದ್ದು ಇನ್ನೊಂದು. ಎಲ್‌ಸಿ ತೆರೆಯುವ ಮುಂಚೆಯೇ ಬೈಯರಿಗೆ ಬರೆದು, ಬಿಎಲ್ ಬದಲು ಮಲ್ಟಿಮೋಡಲ್ (ಒಂದಕ್ಕಿಂತ ಹೆಚ್ಚು ಬಗೆಯ ಸಾಗಣೆಯ) ಸಾರಿಗೆ ದಾಖಲೆ ಕೇಳುವಂತೆ ಮಾಡಿಸುತ್ತೇನೆ. ಎಲ್‌ಸಿಗೆ ಬ್ಯಾಂಕುಗಳು ಪಾಲಿಸುವ ನಿಯಮಾವಳಿಯಾದ ಯುಸಿಪಿ 600ರ 19ನೇ ವಿಧಿ. ಅದರಲ್ಲಿ ಮಾಲನ್ನು ವಶಕ್ಕೆ ಪಡೆದ ದಿನಾಂಕವೂ ನಡೆಯುತ್ತದೆ. ಎಲ್‌ಸಿ ತೆರೆದ ಮೇಲೆ ಅಮೆಂಡ್‌ಮೆಂಟ್ ಕೇಳಿದರೆ ಖರ್ಚೂ ಇದೆ, ಬೈಗುಳವೂ ಇದೆ.

ಎಲ್‌ಸಿ ಬಗ್ಗೆ ಇನ್ನೆರಡು ಮಾತು. 5 ಪರ್ಸೆಂಟ್ ಹೆಚ್ಚುಕಮ್ಮಿ ನಡೆಯುತ್ತೆ ಅಂತ ಒಬ್ಬರು ಧೈರ್ಯ ಹೇಳಿದ್ದಾರೆ. ಪೀಸು ಲೆಕ್ಕದಲ್ಲಿ ಬರೆದ ಮಾಲಿಗೆ ಆ ರಿಯಾಯಿತಿ ಇಲ್ಲ ಸ್ವಾಮಿ. 2,000 ಅಂದರೆ 2,000. ಬೇಕಾದರೆ ಪ್ರಮಾಣ, ಮೊತ್ತ ಎರಡರ ಮುಂದೆಯೂ 'ಸುಮಾರು' ಅಂತ ಹಾಕಿಸಿ, 10 ಪರ್ಸೆಂಟ್ ಸಿಗುತ್ತದೆ. ಇನ್ನು ರಜೆ. ಎಲ್‌ಸಿ ಮುಗಿಯುವ ದಿನ ಬ್ಯಾಂಕಿಗೆ ರಜೆಯಾದರೆ ಅದು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಕೊನೇ ಶಿಪ್‌ಮೆಂಟ್ ದಿನಾಂಕ ಮಾತ್ರ ಕದಲುವುದಿಲ್ಲ.

ಸಿಐಎಫ್ (ಸಾಗಣೆ, ಇನ್ಶೂರೆನ್ಸ್ ಸೇರಿದ ಬೆಲೆ) ಕೊಟ್ಟುಬಿಡಿ, ಬೈಯರ್ ಖುಷಿಯಾಗ್ತಾರೆ ಎಂದವರಿಗೂ ಒಂದು ಮಾತು. ಅದರಲ್ಲೂ ರಿಸ್ಕ್ ದಾಟುವುದು ಹೊರಡುವ ಬಂದರಿನ ಹಡಗಿನ ಮೇಲೇ, ನನ್ನ ಗೋದಾಮಿನ ಕಥೆ ಸಿಐಎಫ್‌ನಲ್ಲೂ ಹಾಗೇ ಆಗುತ್ತಿತ್ತು. ಮೇಲಾಗಿ ಸಿಐಎಫ್ ಕೇಳುವುದು ಕನಿಷ್ಠ ಸಿ ಕ್ಲಾಜ್ (ಅತಿ ಕಡಿಮೆ ರಕ್ಷಣೆಯ) ಇನ್ಶೂರೆನ್ಸ್, ಮೌಲ್ಯದ 110 ಪರ್ಸೆಂಟಿಗೆ. ಸಿ ಅಂದರೆ ಕಳ್ಳತನ ಇಲ್ಲ, ಸಮುದ್ರದ ನೀರು ಒಳಗೆ ನುಗ್ಗಿದ್ದೂ ಇಲ್ಲ. ಬುಟ್ಟಿಗೆ ಅದನ್ನು ಕಟ್ಟಿ ಏನು ಮಾಡ್ತೀರಿ? ಕಂಟೇನರಿಗೆ ಸಿಐಪಿ ಇದೆ (ಅದೂ ಸಾಗಣೆ, ಇನ್ಶೂರೆನ್ಸ್ ಸೇರಿದ್ದೇ), ಅದರಲ್ಲಿ ಎ ಕ್ಲಾಜ್, ಅತಿ ಹೆಚ್ಚಿನ ರಕ್ಷಣೆ. ಯಾವ ಪದ ಹಾಕಿದರೂ ನಿಮ್ಮ ಬಾಗಿಲಿಂದ ರಿಸ್ಕ್ ದಾಟುವ ಜಾಗದವರೆಗೆ ಒಂದು ಪಾಲಿಸಿ ಮಾಡಿಸಿ. ಇನ್ಶೂರೆನ್ಸೇ ದಂಡ ಅನ್ನುವವರು 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗನ್ನು ನೆನಪಿಸಿಕೊಳ್ಳಿ. ಅಲ್ಲಿ ಜನರಲ್ ಆವರೇಜ್ (ಹಡಗು ಬಿಡಿಸಿದ ಖರ್ಚನ್ನು ಮಾಲಿನವರೂ ಹಂಚಿಕೊಳ್ಳಬೇಕು ಎನ್ನುವುದು) ಘೋಷಿಸಿದರು. ಅಂದರೆ ಮಾಲಿಗೆ ಏನೂ ಆಗದವರೂ ಮೊದಲು ಗ್ಯಾರಂಟಿ ಕೊಡಬೇಕು, ಆಮೇಲೆ ಮಾಲು.

ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲಿನ ಬಗೆ ಗುರುತಿಸುವ ಅಂಕಿ) ಕಾಲಂ ಕೂಡ ನೋಡಿದೆ. ಹಿಡಿ ಇರುವ ಬಿದಿರಿನ ಬ್ಯಾಗಿಗೆ 4202 ಹಾಕಿದ್ದೀರಿ, ಬ್ಯಾಗ್ ಅಲ್ವಾ ಅಂತ. ಹೆಣೆದ ವಸ್ತು 4202ಕ್ಕೆ ಸೇರುವುದಿಲ್ಲ ಅಂತ 42ನೇ ಅಧ್ಯಾಯದ ಟಿಪ್ಪಣಿಯಲ್ಲೇ ಇದೆ. ಅದು 4602, ಬಿದಿರಿಗೆ 4602.11. ಶೀರ್ಷಿಕೆ ಓದಿ ಕೋಡ್ ಹಾಕಬೇಡಿ, ಟಿಪ್ಪಣಿ ಓದಿ. ಮೊದಲ ಆರು ಅಂಕಿ ಎಲ್ಲಾ ಕಡೆ ಒಂದೇ, ಆಮೇಲಿನವು ಆಯಾ ದೇಶದವು. ಬೈಯರ್ ತಮ್ಮ ಹತ್ತಂಕಿ ಕಳಿಸಿದರೆ ನಿಮ್ಮ ಕಸ್ಟಮ್ಸ್ ಕಾಗದಕ್ಕೆ ಹಾಗೇ ಇಳಿಸಬೇಡಿ.

ಪ್ಯಾಕಿಂಗ್ ಲಿಸ್ಟಿನಲ್ಲಿ ಒಟ್ಟು ತೂಕ ಅರ್ಧ ಕೆಜಿ ತಾಳೆ ಆಗುತ್ತಿಲ್ಲ, ಕೂಡಿ ನೋಡಿ. ಎಕ್ಸೆಲ್ ಕಣ್ಣಿಗೆ ತೋರಿಸುವುದು ರೌಂಡ್ ಮಾಡಿದ್ದು, ಕೂಡುವುದು ರೌಂಡ್ ಮಾಡದ್ದು. ಪ್ರತಿ ಸಾಲಿಗೂ ರೌಂಡ್ ಫಾರ್ಮುಲಾ ಹಾಕಿ. ಗೂಗಲ್ ಶೀಟ್ಸ್‌ಗೆ ಹೋದರೂ ಇದೇ ಹಾಡು.

ತೇವಕ್ಕೆ ಸಿಲಿಕಾ ಜೆಲ್ ಪೆಟ್ಟಿಗೆಯೊಳಗೆ ಇರಲಿ. ಮುಂದೆ ಪೂರ್ತಿ ಕಂಟೇನರ್ ಕಳಿಸುವಾಗ ಅದನ್ನೇ ನೆಚ್ಚಬೇಡಿ, ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗುಹಾಕಿ, ಜಾಸ್ತಿ ನೀರು ಕುಡಿಯುತ್ತದೆ. ಆದರೆ ನೀರು ಕುಡಿದು ಅದೇ ದ್ರವವಾಗುತ್ತದೆ. ಅಗ್ಗದ ಚೀಲ ಸೋರಿದರೆ ಮಳೆಯೇ ವಾಸಿ, ಜೆಲ್ ಆಗುವ ಬಗೆಯದೇ ತನ್ನಿ. ಮರದ ಪ್ಯಾಲೆಟ್ ಹಾಕುವುದಾದರೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಕೀಟ ತಡೆಯುವ ಸಂಸ್ಕರಣೆ ಆಗಿದೆ ಎಂಬ ಗುರುತು) ಕಣ್ಣಾರೆ ನೋಡಿ. ಪ್ಲೈವುಡ್ಡಿಗೆ ಅದು ಬೇಡ. ಬುಟ್ಟಿಗೇ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾ ಅಂತ ಬೈಯರ್ ಹತ್ತಿರ ಬರಹದಲ್ಲಿ ಕೇಳಿ. ಪ್ಯಾಲೆಟ್ ಮುದ್ರೆ ಬುಟ್ಟಿಗೆ ಲಾಗೂ ಆಗುವುದಿಲ್ಲ.

ತಿದ್ದಿದ ಪಿಐ ಇಲ್ಲೇ ಹಾಕಿ, ರಾತ್ರಿ ಕೂತು ನೋಡ್ತೀನಿ. ಮೊದಲು ಈಗಿನ ಫೋಟೊ ತೆಗೆಯಿರಿ ಸರ್, ನಿಮ್ಮ ಬ್ಯಾಂಕ್ ಅಕೌಂಟ್ ನಂಬರ್ ಬೆಳಿಗ್ಗೆಯಿಂದ ಗುಂಪಿಗೆಲ್ಲ ಕಾಣ್ತಾ ಇದೆ.