ಓದುಗರ ಪ್ರಶ್ನೆ: ಶನಿವಾರ ರಾತ್ರಿ ರಾಕ್ ಸಂಗೀತ, ಸೋಮವಾರ ಮುಂಜಾನೆ ಹಾಜರಿ

ವಿದೇಶಕ್ಕೆ ಹೋಗಿ ರಾಕ್ ಕಾರ್ಯಕ್ರಮ ನೋಡಿ ಬರುವ ಬಗ್ಗೆ ಕೇಳಿ ಬಂದ ಪತ್ರಗಳಲ್ಲಿ ಬಹುಪಾಲು ಅಬುಧಾಬಿ, ಸಿಂಗಪುರದವೇ. ಹಾಗಾಗಿ ಈ ಸಲ ಉತ್ತರವೂ ಅವೆರಡು ಊರಿಗೇ ಸೀಮಿತ.

ಪ್ರಶ್ನೆ: ಅಬುಧಾಬಿಯೊಳಗ ಶನಿವಾರ ರಾತ್ರಿ ಕಾರ್ಯಕ್ರಮ ಅದ್ರಿ. ಶುಕ್ರವಾರ ಕಚೇರಿ ಮುಗಿಸಿ ಹೊಂಟು, ಸೋಮವಾರ ಹತ್ತಕ್ಕ ಕಲಬುರಗಿಯೊಳಗ ಹಾಜರಿ ಹಾಕಬೇಕು. ಆಗ್ತದೇನ್ರಿ? (ಕಲಬುರಗಿಯ ಮೂವರು ಗೆಳೆಯರು)

ಆಗುತ್ತದೆ. ಆದರೆ ಲೆಕ್ಕವನ್ನು ಸೋಮವಾರದಿಂದ ಹಿಂದಕ್ಕೆ ಹಾಕಿಕೊಂಡು ಬನ್ನಿ. ಮಂದಿ ಮೊದಲು ಕಾರ್ಯಕ್ರಮದ ಟಿಕೆಟ್ ತೆಗೆಸುತ್ತಾರೆ, ಆಮೇಲೆ ವಿಮಾನ ನೋಡುತ್ತಾರೆ, ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿಯ ಮಾತು ಕಡೆಗೆ. ಈ ಪ್ರವಾಸ ಕೆಡುವುದೇ ಆ ಗಾಡಿಯಲ್ಲಿ.

ಕಲಬುರಗಿಯಿಂದ ಶಂಶಾಬಾದಿಗೆ ರಸ್ತೆಯಲ್ಲಿ ಸುಮಾರು 220–230 ಕಿ.ಮೀ., ಚಹಾಕ್ಕೆ ನಿಂತು ಹೋದರೆ ಐದು ತಾಸು ಹಿಡಿಯಿರಿ. ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುವವರು ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹತ್ತಬೇಕು. ಅದು ತಪ್ಪಿ ನಗರದೊಳಗೆ ನುಗ್ಗಿದಿರೋ, ಶುಕ್ರವಾರ ಸಂಜೆ ಒಂದೂವರೆ ತಾಸು ಅಲ್ಲೇ ಹೋಯಿತು. ಬೀದರಿನವರಿಗೂ ಇದೇ ದಾರಿ, ದೂರ ಮಾತ್ರ ಕಡಿಮೆ. ಯಾದಗಿರಿಯವರು ಮಹಬೂಬ್‌ನಗರದ ಕಡೆಯಿಂದ ಹೋದರೆ 44ನೇ ರಾಷ್ಟ್ರೀಯ ಹೆದ್ದಾರಿ ನಗರ ಮುಟ್ಟುವ ಮೊದಲೇ ಶಂಶಾಬಾದಿಗೆ ತಂದು ಬಿಡುತ್ತದೆ.

ವಿಮಾನ ಸುಮಾರು ನಾಲ್ಕು ತಾಸು. ಅಬುಧಾಬಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಬಿಟ್ಟರೆ ಇಲ್ಲಿ ರಾತ್ರಿ ಎಂಟೂವರೆಗೆ ಇಳಿಯುತ್ತೀರಿ, ಮನೆ ಸೇರುವಾಗ ಎರಡೋ ಮೂರೋ ಆಗಿರುತ್ತದೆ. ಅದಕ್ಕಿಂತ ತಡವಾದ ವಿಮಾನ ಬೇಡ. ಆ ರಾತ್ರಿ ನೀವೇ ಗಾಡಿ ಓಡಿಸುವುದಂತೂ ಬೇಡವೇ ಬೇಡ. ಎರಡು ರಾತ್ರಿ ನಿದ್ದೆಗೆಟ್ಟವರ ಕೈಗೆ ಸ್ಟೇರಿಂಗ್ ಕೊಡುವುದಲ್ಲ. ಒಂದೇ ದಿನ ರಜೆ ಸಿಗುವುದಾದರೆ ಶುಕ್ರವಾರ ಹಾಕಿ, ಸೋಮವಾರವಲ್ಲ. ಹೋಗುವ ವಿಮಾನ ತಡವಾದರೆ ಕಾರ್ಯಕ್ರಮವೇ ತಪ್ಪುತ್ತದೆ, ಬರುವಾಗ ತಡವಾದರೆ ಅರ್ಧ ದಿನದ ಸಂಬಳ ಮಾತ್ರ.

ಮಂದಿ ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ಕೊಲ್ಲಿಯ ವಿಮಾನಗಳು ಬಹಳಷ್ಟು ನಡುರಾತ್ರಿಯ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ ‘ಶನಿವಾರ 04:00’ ಎಂದಿದ್ದರೆ ನೀವು ಕಲಬುರಗಿ ಬಿಡಬೇಕಾದದ್ದು ಶುಕ್ರವಾರ ಸಂಜೆ. ಬರುವಾಗ ‘ಭಾನುವಾರ 02:30’ ಎಂದಿದ್ದರೆ ಅದು ಕಾರ್ಯಕ್ರಮದ ರಾತ್ರಿಯೇ! ಹನ್ನೊಂದಕ್ಕೆ ಸಂಗೀತ ನಿಂತು, ಜನಜಂಗುಳಿಯಿಂದ ಹೊರಬೀಳಲು ಒಂದು ತಾಸು ಹೋದರೆ, ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತೀರಿ.

ಇನ್ನೊಂದು ಗೊಂದಲ ಹೆಸರಿನದು. ಅಬುಧಾಬಿಯ ಯಾಸ್ ದ್ವೀಪದಲ್ಲಿ ಎತಿಹಾದ್ ಪಾರ್ಕ್ ಮತ್ತು ಎತಿಹಾದ್ ಅರೇನಾ ಎಂದು ಕಾರ್ಯಕ್ರಮದ ಜಾಗ ಎರಡಿವೆ. ಪಾರ್ಕ್ ಬಯಲು, ಅರೇನಾ 2021ರಲ್ಲಿ ಶುರುವಾದ, 18,000 ಜನ ಹಿಡಿಸುವ ಒಳಾಂಗಣ. ಅಬುಧಾಬಿ ವಿಮಾನ ನಿಲ್ದಾಣದಿಂದ ಯಾಸ್ ಹತ್ತಿರವೇ. ಅಗ್ಗ ಎಂದು ದುಬೈಗೆ ಇಳಿದರೆ ನೂರು ಕಿ.ಮೀ. ಮೀರಿ ಟ್ಯಾಕ್ಸಿ ಬಾಡಿಗೆ ಬೀಳುತ್ತದೆ, ಉಳಿಸಿದ್ದು ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಟಿಕೆಟ್ ಮಾರಾಟ ಶುರುವಾದ ನಿಮಿಷಕ್ಕೇ ಕೂತಿದ್ದೆ. ಸೀಟು ಸಿಕ್ಕಿತು, ಹಣ ಕಟ್ಟುವಾಗ ಕಾರ್ಡ್ ನಡೆಯಲಿಲ್ಲ. ಖಾತೆಯಲ್ಲಿ ದುಡ್ಡಿತ್ತು. (ಬೀದರ್)

ದುಡ್ಡಿದ್ದರೆ ಸಾಲದು, ಕಾರ್ಡಿಗೆ ಹೊರದೇಶದ ಬಾಗಿಲು ತೆರೆದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’, ಅದರೊಳಗೆ ‘ಆನ್‌ಲೈನ್’, ಎರಡೂ ಗುಂಡಿ ಒತ್ತಿ, ಮಿತಿಯನ್ನೂ ಏರಿಸಬೇಕು. ಎಷ್ಟೋ ಸಲ ಗುಂಡಿ ತೆರೆದಿರುತ್ತದೆ, ಮಿತಿ ಸೊನ್ನೆ ಇರುತ್ತದೆ. ಇದನ್ನು ಹಿಂದಿನ ದಿನವೇ ಮಾಡಿ. ಸೀಟು ಹಿಡಿದಿಟ್ಟ ಕೆಲವೇ ನಿಮಿಷದೊಳಗೆ ಆ್ಯಪ್ ಹುಡುಕುತ್ತ ಕೂತರೆ ಸೀಟು ಬೇರೆಯವರ ಪಾಲು.

ಮಾರಾಟದ ಹೊತ್ತು ಆ ಊರಿನದು ಎಂಬುದೂ ನೆನಪಿರಲಿ. ಸಿಂಗಪುರದ ಬೆಳಿಗ್ಗೆ ಹತ್ತು ನಮಗೆ ಏಳೂವರೆ. ಅಬುಧಾಬಿಯ ಮಧ್ಯಾಹ್ನ ಹನ್ನೆರಡು ನಮಗೆ ಒಂದೂವರೆ.

ಈಗ ಹಲವು ಕಡೆ ಟಿಕೆಟ್ ಆ್ಯಪ್‌ನಲ್ಲೇ ಇರುತ್ತದೆ, ಅದರ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸ್ಕ್ರೀನ್‌ಶಾಟ್ ತೋರಿಸಿದರೆ ಗೇಟಿನ ಯಂತ್ರ ಒಪ್ಪುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಮಾರಿದ ‘ಟಿಕೆಟ್ ಫೋಟೊ’ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಆ್ಯಪ್ ಮತ್ತೆ ಲಾಗಿನ್ ಕೇಳಿದರೆ ಒಟಿಪಿ ನಿಮ್ಮ ಊರಿನ ನಂಬರಿಗೆ ಬರುತ್ತದೆ, ಆದ್ದರಿಂದ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ. ಅಲ್ಲಿನ ಸಿಮ್ ಹಾಕಿದರೂ ನಮ್ಮದನ್ನು ತೆಗೆಯಬೇಡಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ, ಅಡ್ಡಹೆಸರಿನ ಜಾಗ ಖಾಲಿ. ಯುಎಇ ವೀಸಾ ಕೊಡುವುದಿಲ್ಲ ಎಂದು ಏಜೆಂಟ್ ಅಂತಾರೆ. (ಶಹಾಪುರ, ಯಾದಗಿರಿ ಜಿಲ್ಲೆ)

ಏಜೆಂಟ್ ಹೇಳುವುದರಲ್ಲಿ ಹುರುಳಿದೆ. 2022ರ ನವೆಂಬರ್‌ನಲ್ಲಿ ಯುಎಇ, ಪ್ರವಾಸಿ ವೀಸಾಕ್ಕೆ ಒಂದೇ ಹೆಸರಿನ ಪಾಸ್‌ಪೋರ್ಟ್ ಒಪ್ಪುವುದಿಲ್ಲ ಎಂದಿತು. ಪಾಸ್‌ಪೋರ್ಟಿನ ಎರಡನೇ ವಿವರ ಪುಟದಲ್ಲಿ (ನಮ್ಮ ಪುಸ್ತಕದಲ್ಲಿ ಅದು ಕಡೇ ಪುಟ) ತಂದೆಯ ಅಥವಾ ಮನೆತನದ ಹೆಸರು ಇದ್ದರೆ ನಡೆಯುತ್ತದೆ ಎಂದು ಬೆನ್ನಿಗೇ ಸ್ಪಷ್ಟನೆಯೂ ಬಂತು. ನಿಮ್ಮ ಕಡೇ ಪುಟ ತೆಗೆದು ತಂದೆಯ ಹೆಸರು ಹೇಗಿದೆ ನೋಡಿ, ವಿಮಾನ ಕಂಪನಿಗೂ ತೋರಿಸಿ ಕೇಳಿ. ನಿಮ್ಮನ್ನು ಕೌಂಟರಿನಲ್ಲಿ ತಡೆಯುವವರು ಅವರೇ. ಶಾಶ್ವತ ದಾರಿ ಎಂದರೆ ಅಡ್ಡಹೆಸರು ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಪಡೆಯುವುದು. 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ ₹1,500, ತತ್ಕಾಲಕ್ಕೆ ಮೇಲೆ ₹2,000. ಅದು ಕೈಗೆ ಬರುವ ತನಕ ಯಾವ ಟಿಕೆಟ್ಟೂ ಬೇಡ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಪ್ರಶ್ನೆ: ಸಿಂಗಪುರದ ಕಾರ್ಯಕ್ರಮ ಮುಗಿದ ಮೇಲೆ ವಸತಿಗೆ ಹೇಗೆ ಬರುವುದು? ತಿನ್ನಲು ಏನು ಒಯ್ಯಬಹುದು? (ಹುಮನಾಬಾದ್)

ನಿಮ್ಮ ಕಾರ್ಯಕ್ರಮ ಅಲ್ಲಿನ ನ್ಯಾಷನಲ್ ಸ್ಟೇಡಿಯಂನಲ್ಲಿದ್ದರೆ, ಅದು 55,000 ಜನ ಹಿಡಿಸುವಂಥದು. ಬಾಗಿಲ ಬಳಿಯೇ ಸರ್ಕಲ್ ಲೈನ್‌ನ ‘ಸ್ಟೇಡಿಯಂ’ ರೈಲು ನಿಲ್ದಾಣವಿದೆ, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಅಲ್ಲಿ ಸಾಲು ನಿಲ್ಲುವ ಬದಲು ಕಲ್ಲಾಂಗ್ ನಿಲ್ದಾಣಕ್ಕೆ ನಡೆಯಿರಿ. ಅದು ಬೇರೆ ಮಾರ್ಗ, ಜನ ಹಂಚಿಹೋಗುತ್ತಾರೆ. ಕಡೆಯ ರೈಲು ನಡುರಾತ್ರಿಯ ಆಸುಪಾಸು. ನಿಲ್ದಾಣದ ಗೇಟಿನಲ್ಲಿ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಇಬ್ಬರು ದಾಟಲಾಗದು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ತೊಂದರೆಯಿಲ್ಲ. ಗುಟ್ಕಾ, ಜರ್ದಾ, ಚ್ಯೂಯಿಂಗ್ ಗಮ್, ಇ-ಸಿಗರೇಟ್ ಸಿಂಗಪುರಕ್ಕೆ ಒಯ್ಯುವಂತಿಲ್ಲ. ಬ್ಯಾಗಿನ ಹೊರಜೇಬಿನಲ್ಲಿ ಉಳಿದ ಒಂದು ಪುಡಿ ಪ್ಯಾಕೆಟ್ಟೂ ಲೆಕ್ಕಕ್ಕೆ ಬರುತ್ತದೆ. ಅಬುಧಾಬಿಗೆ ಹೋಗುವವರಿಗೆ ಬೇರೆ ಎಚ್ಚರ: ಯುಎಇಯಲ್ಲಿ ಗಸಗಸೆ ನಿಷಿದ್ಧ, ಆದ್ದರಿಂದ ಗಸಗಸೆ ಹಚ್ಚಿದ ಅನಾರಸ ಮನೆಯಲ್ಲೇ ಇರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಎಂಬ ನೋವಿನ ಮಾತ್ರೆಗೂ ಅಲ್ಲಿ ಮುಂಚಿತ ಅನುಮತಿ ಬೇಕು.

ಸಿಂಗಪುರಕ್ಕೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆಗಮನ ಕಾರ್ಡನ್ನು ಸರ್ಕಾರಿ ಜಾಲತಾಣದಲ್ಲಿ ತುಂಬಬೇಕು, ಅದು ಪುಕ್ಕಟೆ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಪ್ರಶ್ನೆ: ಸಿಂಗಪುರದಲ್ಲಿ ಕಾರ್ಡ್ ಕೊಟ್ಟರೆ ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ಡಾಲರ್‌ನಲ್ಲೋ’ ಎಂದು ಕೇಳುತ್ತದಂತೆ? (ಬಸವಕಲ್ಯಾಣ)

ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯಕ್ಕೆ ಯಂತ್ರದವರ ದರ, ಯಂತ್ರದವರ ಲಾಭ.

ಪ್ರಶ್ನೆ: ವೇದಿಕೆಯ ಹತ್ತಿರದ ನಿಲ್ಲುವ ಜಾಗ ಸಿಕ್ಕಿದೆ. ಕಿವಿಗೆ ಏನಾದರೂ ಬೇಕೇ? (ಸೇಡಂ)

ಬೇಕು. ಮದುವೆ ಮೆರವಣಿಗೆಯ ಡಿಜೆ ಮುಂದೆ ಎರಡು ತಾಸು ಅಲುಗದೆ ನಿಂತಂತೆ ಅದು. ಕೆಲಸಗಾರರ ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಡೆಯಬಹುದು, ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ. ಹಾಗೆ ಇಳಿಸುತ್ತ ಬಂದರೆ 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದೇ ನಿಮಿಷ.

ಔಷಧಿ ಅಂಗಡಿಯ ಫೋಮ್ ಬಿರಡೆ ಸಾಕು, ಹಾಕುವ ರೀತಿ ಗೊತ್ತಿರಬೇಕು. ಒಣಗಿದ ಕೈಯಲ್ಲಿ ಬತ್ತಿ ಹೊಸೆದಂತೆ ಸುಕ್ಕಿಲ್ಲದೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಬಿರಡೆ ಒಳಗೆ ಬಿಟ್ಟು ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ, ಅಷ್ಟರಲ್ಲಿ ಅದು ಅರಳಿ ತುಂಬಿಕೊಳ್ಳುತ್ತದೆ. ಎದುರು ನಿಂತವರಿಗೆ ಬಿರಡೆ ಪೂರ್ತಿ ಚಾಚಿಕೊಂಡು ಕಂಡರೆ ಒಳಗೆ ಹೋಗಿಲ್ಲ ಎಂದರ್ಥ, ತೆಗೆದು ಮತ್ತೆ ಹಾಕಿ. ಹಾಡಿನ ಮಾತು ಮಂಕಾಗಬಾರದು ಎನ್ನುವವರು ಸಂಗೀತಕ್ಕೆಂದೇ ಬರುವ ಫಿಲ್ಟರ್ ಬಿರಡೆ ತರಿಸಿಕೊಳ್ಳಲಿ.

ಕಾರ್ಯಕ್ರಮದ ನಂತರ ಒಂದು ರಾತ್ರಿ ಕಿವಿ ಗುಂಯ್ ಎನ್ನುವುದು ಉಂಟು. ಎರಡು ದಿನವಾದರೂ ನಿಲ್ಲದಿದ್ದರೆ ಕಿವಿ ವೈದ್ಯರಿಗೆ ತೋರಿಸಿ. ಒಂದು ಕಿವಿ ಪೂರಾ ಮಂದವಾಗಿದ್ದರೆ ಆ ಎರಡು ದಿನವನ್ನೂ ಕಾಯಬೇಡಿ.