ರಿಕ್ವೆಸ್ಟ್ ಎಲ್ಲಿ ಕಾಯುತ್ತಿದೆ? ಅಪ್ಲಿಕೇಶನ್ ಸರ್ವರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಅಪ್ಲಿಕೇಶನ್ ಸರ್ವರ್ ಮತ್ತು ಮಿಡಲ್‌ವೇರ್ ಬಗ್ಗೆಯೇ ಇವೆ. ಪದಗಳ ಅರ್ಥವನ್ನು ಸುಮ್ನೆ ಬಾಯಿಪಾಠ ಮಾಡಿದರೆ ಉಪಯೋಗವಿಲ್ಲ. ಒಂದು ರಿಕ್ವೆಸ್ಟ್ ಬ್ರೌಸರ್‌ನಿಂದ ಹೊರಟು ಡೇಟಾಬೇಸ್ ಮುಟ್ಟಿ ವಾಪಸ್ ಬರುವ ದಾರಿಯಲ್ಲಿ ಯಾವ ಪದ ಎಲ್ಲಿ ಕೂರುತ್ತದೆ ಅಂತ ಗೊತ್ತಾಗಬೇಕು. ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಪ್ರಶ್ನೆ: ವೆಬ್ ಸರ್ವರ್, ಅಪ್ಲಿಕೇಶನ್ ಸರ್ವರ್, ಕಂಟೇನರ್ ಎಲ್ಲ ಒಂದೇನಾ? ಟಾಮ್‌ಕ್ಯಾಟ್ ಇದರಲ್ಲಿ ಯಾವುದು?

ಒಂದೇ ಅಲ್ಲ. ರಿಕ್ವೆಸ್ಟ್ ಸಾಮಾನ್ಯವಾಗಿ ಮೊದಲು ಬರುವುದು ಎಂಜಿನ್‌ಎಕ್ಸ್ ಅಥವಾ ಅಪಾಚೆ ಥರದ ವೆಬ್ ಸರ್ವರ್‌ಗೆ. ಚಿತ್ರ, ಸಿಎಸ್‌ಎಸ್ ಫೈಲ್‌ಗಳನ್ನು ಅದೇ ಕೊಟ್ಟುಬಿಡುತ್ತದೆ. ಲಾಗಿನ್ ಪರೀಕ್ಷೆ, ಲೆಕ್ಕಾಚಾರ, ಡೇಟಾಬೇಸ್ ಕೆಲಸ ಇದ್ದರೆ ಹಿಂದೆ ಇರುವ ಅಪ್ಲಿಕೇಶನ್ ಸರ್ವರ್‌ಗೆ ದಾಟಿಸುತ್ತದೆ. ಹೀಗೆ ದಾಟಿಸುವ ಪಾತ್ರದಲ್ಲಿ ಇದ್ದಾಗ ಅದನ್ನು ರಿವರ್ಸ್ ಪ್ರಾಕ್ಸಿ ಅನ್ನುತ್ತಾರೆ.

ಕಂಟೇನರ್ ಅಂದರೆ ನಿಮ್ಮ ಕೋಡನ್ನು ಒಳಗಿಟ್ಟುಕೊಂಡು ಓಡಿಸುವ ಭಾಗ. ಸರ್ವ್ಲೆಟ್ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಜಾವಾ ಕೋಡು) ಬರೆಯುವವರು ಪೋರ್ಟ್ ತೆರೆಯುವುದಿಲ್ಲ, ಥ್ರೆಡ್ (ಒಂದು ಕೆಲಸವನ್ನು ನಡೆಸುವ ಎಳೆ) ಸೃಷ್ಟಿಸುವುದಿಲ್ಲ, ಅದೆಲ್ಲ ಕಂಟೇನರ್ ಪಾಲಿನ ಕೆಲಸ. ಟಾಮ್‌ಕ್ಯಾಟ್ ಒಂದು ಸರ್ವ್ಲೆಟ್ ಕಂಟೇನರ್. ಇಜೆಬಿ (ವ್ಯವಹಾರದ ನಿಯಮಗಳನ್ನು ಬರೆಯುವ ಜಾವಾ ಘಟಕಗಳು), ಜೆಎಂಎಸ್ ಮೆಸೇಜಿಂಗ್ (ಅಪ್ಲಿಕೇಶನ್‌ಗಳ ನಡುವೆ ಸಂದೇಶ ಕಳಿಸುವುದು), ಹಲವು ಡೇಟಾಬೇಸ್‌ಗಳಿಗೆ ಹಬ್ಬಿದ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸ) ಇವು ಅದರಲ್ಲಿ ಇಲ್ಲ. ಇವನ್ನೂ ಕೊಡುವ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ವೈಲ್ಡ್‌ಫ್ಲೈ ಪೂರ್ತಿ ಅಪ್ಲಿಕೇಶನ್ ಸರ್ವರ್‌ಗಳು. ಟಾಮ್‌ಕ್ಯಾಟ್‌ಗೆ ವಾರ್ ಫೈಲ್ (ಒಂದು ವೆಬ್ ಅಪ್ಲಿಕೇಶನ್‌ನ ಕಟ್ಟು) ಡಿಪ್ಲಾಯ್ ಮಾಡಬಹುದು. ಹಲವು ಮಾಡ್ಯೂಲ್‌ಗಳನ್ನು ಕಟ್ಟಿಟ್ಟ ಇಯರ್ ಫೈಲ್ ಅದಕ್ಕೆ ಅರ್ಥವಾಗುವುದಿಲ್ಲ. ಅಪ್ಲಿಕೇಶನ್ ಅನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಟ್ಟಿ ಓಡಿಸುವ ಡಾಕರ್ ಕಂಟೇನರ್ ಬೇರೆಯೇ ಸಂಗತಿ. ಎರಡನ್ನೂ ಒಂದೇ ಮೀಟಿಂಗಿನಲ್ಲಿ ಬಳಸುವಾಗ ಯಾವ ಕಂಟೇನರ್ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಎಕ್ಸ್‌ಪ್ರೆಸ್‌ನಲ್ಲಿ ಮಿಡಲ್‌ವೇರ್ ಅಂದರೆ ಒಂದು ಫಂಕ್ಷನ್. ಇಲ್ಲಿ ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳನ್ನು ಮಿಡಲ್‌ವೇರ್ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಎಕ್ಸ್‌ಪ್ರೆಸ್, ಜ್ಯಾಂಗೋ ಥರದ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ ಅದು, ರಿಕ್ವೆಸ್ಟ್ ತನಗೆ ಉತ್ತರ ಕೊಡುವ ಹ್ಯಾಂಡ್ಲರ್ ಅನ್ನು ತಲುಪುವ ಮುಂಚೆ ಹಾದುಹೋಗುವ ಕೋಡು. ಸರ್ವ್ಲೆಟ್ ಜಗತ್ತಿನಲ್ಲಿ ಆ ಕೆಲಸ ಮಾಡುವುದು ಫಿಲ್ಟರ್. ಎಂಟರ್‌ಪ್ರೈಸ್ ಜನ ಹೇಳುವ ಮಿಡಲ್‌ವೇರ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿಗೂ ನಿಮ್ಮ ಅಪ್ಲಿಕೇಶನ್ನಿಗೂ ನಡುವೆ ಇರುವ ಇಡೀ ಪದರ: ಅಪ್ಲಿಕೇಶನ್ ಸರ್ವರ್, ಸಂದೇಶ ದಾಟಿಸುವ ಮೆಸೇಜ್ ಬ್ರೋಕರ್, ಟ್ರಾನ್ಸಾಕ್ಷನ್ ಮ್ಯಾನೇಜರ್ ಎಲ್ಲ ಸೇರಿ.

ಪ್ರಶ್ನೆ: ನಮ್ಮ ಅಪ್ಲಿಕೇಶನ್ ಆಗಾಗ ಪೂರ್ತಿ ನಿಂತುಹೋಗುತ್ತದೆ. ಸಿಪಿಯು ನೋಡಿದರೆ ಖಾಲಿ ಇರುತ್ತದೆ, ಮೆಮೊರಿಯೂ ಸಾಕಷ್ಟಿದೆ. ಥ್ರೆಡ್ ಪೂಲ್ ಹೆಚ್ಚಿಸಿ ಅನ್ನುತ್ತಾರೆ ಒಬ್ಬರು, ಕನೆಕ್ಷನ್ ಪೂಲ್ ಹೆಚ್ಚಿಸಿ ಅನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಸದ್ಯಕ್ಕೆ ಇಬ್ಬರ ಮಾತೂ ಬೇಡ. ಸಿಪಿಯು ಖಾಲಿ ಇದ್ದೂ ಉತ್ತರ ಬರುತ್ತಿಲ್ಲ ಅಂದರೆ ಎಲ್ಲರೂ ಯಾವುದಕ್ಕೋ ಕಾಯುತ್ತಿದ್ದಾರೆ ಅಂತ ಅರ್ಥ. ಯಾವುದಕ್ಕೆ ಅನ್ನುವುದನ್ನು ಮೊದಲು ಕಂಡುಹಿಡಿಯಿರಿ.

ಒಂದು ರಿಕ್ವೆಸ್ಟ್ ಬಂದಾಗ ಸರ್ವರ್ ತನ್ನ ಥ್ರೆಡ್ ಪೂಲ್‌ನಿಂದ ಒಂದು ಥ್ರೆಡ್ ಕೊಡುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಏನೂ ಬದಲಿಸದಿದ್ದರೆ ಇದರ ಗರಿಷ್ಠ ಮಿತಿ 200. ಆ ಥ್ರೆಡ್‌ಗೆ ಡೇಟಾಬೇಸ್ ಬೇಕಾದಾಗ ಕನೆಕ್ಷನ್ ಪೂಲ್‌ನಿಂದ ಒಂದು ಕನೆಕ್ಷನ್ ಪಡೆಯಬೇಕು. ಪ್ರತಿ ಸಲ ಹೊಸ ಕನೆಕ್ಷನ್ ತೆರೆಯುವುದು ದುಬಾರಿ, ಅದಕ್ಕೇ ತೆರೆದಿಟ್ಟ ಕನೆಕ್ಷನ್‌ಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ತುಂಬಾ ಕಡೆ ಬಳಕೆಯಲ್ಲಿರುವ ಹಿಕಾರಿ ಪೂಲ್‌ನಲ್ಲಿ ಏನೂ ಬದಲಿಸದಿದ್ದರೆ ಮಿತಿ 10. ಅಂದರೆ 200 ಥ್ರೆಡ್‌ಗಳಿಗೆ ಡೇಟಾಬೇಸ್ ಬೇಕಾದರೆ 10 ಮಾತ್ರ ಕೆಲಸ ಮಾಡುತ್ತವೆ, 190 ಸಾಲಿನಲ್ಲಿ ನಿಲ್ಲುತ್ತವೆ.

ಇದು ತಪ್ಪು ಅಂದುಕೊಳ್ಳಬೇಡಿ, ಲೆಕ್ಕ ನೋಡಿ. ಒಂದೊಂದು ರಿಕ್ವೆಸ್ಟ್ ಕನೆಕ್ಷನ್ ಹಿಡಿದುಕೊಳ್ಳುವುದು 50 ಮಿಲಿಸೆಕೆಂಡ್ ಆದರೆ, ಹತ್ತೇ ಕನೆಕ್ಷನ್‌ಗಳು ಸೆಕೆಂಡಿಗೆ 200 ರಿಕ್ವೆಸ್ಟ್‌ಗಳನ್ನು ಮುಗಿಸುತ್ತವೆ. ಹುಡುಕಾಟ ಬೇಗ ಮುಗಿಸಲು ಡೇಟಾಬೇಸ್‌ನಲ್ಲಿದ್ದ ಒಂದು ಇಂಡೆಕ್ಸ್ ಅನ್ನು ಯಾರೋ ತೆಗೆದರು, ಅಥವಾ ಟೇಬಲ್ ದೊಡ್ಡದಾಯಿತು, ಅದೇ ಕ್ವೆರಿ 2 ಸೆಕೆಂಡ್ ತೆಗೆದುಕೊಳ್ಳಲು ಶುರುವಾಯಿತು ಅಂತಿಟ್ಟುಕೊಳ್ಳಿ. ಈಗ ಸೆಕೆಂಡಿಗೆ ಮುಗಿಯುವುದು 5 ಮಾತ್ರ! ಉಳಿದವೆಲ್ಲ ಥ್ರೆಡ್ ಹಿಡಿದುಕೊಂಡು ಕಾಯುತ್ತವೆ, ನೋಡನೋಡುತ್ತಿದ್ದಂತೆ 200 ಥ್ರೆಡ್‌ಗಳೂ ಮುಗಿದುಹೋಗುತ್ತವೆ, ಆಮೇಲೆ ಡೇಟಾಬೇಸ್ ಬೇಡವೇ ಬೇಡ ಅನ್ನುವ ಪುಟ ಕೂಡ ತೆರೆಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಸರ್ವರ್ ಸತ್ತಂತೆ ಕಾಣುತ್ತದೆ. ಇಂಥ ಹೊತ್ತಿನಲ್ಲಿ ಥ್ರೆಡ್ ಹೆಚ್ಚಿಸಿದರೆ ಸಾಲು ಉದ್ದವಾಗುತ್ತದೆ ಅಷ್ಟೇ.

ಕನೆಕ್ಷನ್ ಹೆಚ್ಚಿಸುವುದೂ ಯೋಚಿಸಿ ಮಾಡಬೇಕಾದ ಕೆಲಸ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಏನೂ ಬದಲಿಸದಿದ್ದರೆ ಮಿತಿ 100 ಕನೆಕ್ಷನ್. ನಿಮ್ಮಲ್ಲಿ ಅಪ್ಲಿಕೇಶನ್‌ನ 4 ಪ್ರತಿಗಳು (ಇನ್‌ಸ್ಟೆನ್ಸ್) ಓಡುತ್ತಿದ್ದು ಪ್ರತಿಯೊಂದಕ್ಕೂ 30 ಕೊಟ್ಟರೆ 120 ಆಯಿತು, ಡೇಟಾಬೇಸೇ ಬಾಗಿಲು ಹಾಕುತ್ತದೆ. ಪೂಲ್ ಗಾತ್ರವನ್ನು ಯಾವಾಗಲೂ ಇನ್‌ಸ್ಟೆನ್ಸ್‌ಗಳ ಸಂಖ್ಯೆಯಿಂದ ಗುಣಿಸಿ ನೋಡಬೇಕು. ಇದನ್ನು ಮರೆಯುವವರು ತುಂಬಾ ಜನ.

ಹಾಗಾದರೆ ಮಾಡುವುದೇನು? ಅಪ್ಲಿಕೇಶನ್ ನಿಂತಿರುವಾಗಲೇ ಥ್ರೆಡ್ ಡಂಪ್, ಅಂದರೆ ಪ್ರತಿ ಥ್ರೆಡ್ ಆ ಕ್ಷಣ ಎಲ್ಲಿ ನಿಂತಿದೆ ಅನ್ನುವ ಪಟ್ಟಿ, ತೆಗೆಯಿರಿ. ಜಾವಾದ ಜೆಸ್ಟ್ಯಾಕ್ ಕಮಾಂಡ್ ಸಾಕು. ಕೆಲವು ಸೆಕೆಂಡ್ ಬಿಟ್ಟು ಇನ್ನೆರಡು ಸಲ ತೆಗೆಯಿರಿ. ರೀಸ್ಟಾರ್ಟ್ ಮಾಡಿದ ಮೇಲೆ ತೆಗೆದ ಡಂಪ್ ಯಾವ ಕೆಲಸಕ್ಕೂ ಬರುವುದಿಲ್ಲ, ಸಾಕ್ಷಿಯೆಲ್ಲ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಹೆಚ್ಚಿನ ಥ್ರೆಡ್‌ಗಳು ಕನೆಕ್ಷನ್ ಕೇಳುವ ಸಾಲಿನಲ್ಲೇ ನಿಂತಿದ್ದರೆ ಎರಡು ಸಾಧ್ಯತೆ. ಒಂದು, ಮೇಲೆ ಹೇಳಿದ ನಿಧಾನದ ಕ್ವೆರಿ. ಇನ್ನೊಂದು ಕನೆಕ್ಷನ್ ಲೀಕ್: ತೆಗೆದುಕೊಂಡ ಕನೆಕ್ಷನ್ ಅನ್ನು ಎಕ್ಸೆಪ್ಷನ್ (ಓಡುವಾಗ ಆಗುವ ತಪ್ಪು) ಬಂದಾಗ ವಾಪಸ್ ಕೊಡದ ಕೋಡು ಎಲ್ಲೋ ಇದೆ. ಡೇಟಾಬೇಸ್ ಕಡೆ ಏನೂ ಓಡುತ್ತಿಲ್ಲ, ಆದರೆ ಪೂಲ್ ಖಾಲಿ ಅಂತಾದರೆ ಲೀಕ್ ಅನ್ನುವ ಅನುಮಾನ ಬಲವಾಗುತ್ತದೆ. ಹಿಕಾರಿಯಲ್ಲಿ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಕನೆಕ್ಷನ್ ತೆಗೆದುಕೊಂಡು ಕೂತ ಕೋಡು ಯಾವುದು ಅಂತ ಲಾಗ್‌ನಲ್ಲೇ ಬರುತ್ತದೆ.

ಪ್ರಶ್ನೆ: ಪರದೆಯ ಮೇಲೆ ಬರುವ 502, 503, 504 ಎರರ್ ಕೋಡ್ ಮೂರೂ ಸರ್ವರ್ ತಪ್ಪೇ ಅಲ್ವಾ? ಯಾವುದು ಬಂದಾಗ ಎಲ್ಲಿ ನೋಡಬೇಕು?

502 ಬಂದರೆ ಪ್ರಾಕ್ಸಿ ಹಿಂದಿನ ಸರ್ವರ್ ಬಾಗಿಲು ತಟ್ಟಿದೆ, ಸರಿಯಾದ ಉತ್ತರ ಸಿಕ್ಕಿಲ್ಲ. ಪ್ರೊಸೆಸ್ ಸತ್ತಿದೆಯಾ, ಪೋರ್ಟ್ ತಪ್ಪಾಗಿದೆಯಾ ನೋಡಿ. 503 ಅಂದರೆ ಈಗ ಸೇವೆ ಕೊಡಲಾಗದು ಅಂತ ಯಾರೋ ತಿಳಿದೇ ಹೇಳಿದ್ದು: ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಆರೋಗ್ಯವಾಗಿರುವ ನೋಡ್ (ಸರ್ವರ್) ಒಂದೂ ಇಲ್ಲ, ಅಥವಾ ಮೇಂಟೆನೆನ್ಸ್ ನಡೆಯುತ್ತಿದೆ.

504ರ ಬಗ್ಗೆ ಮಾತ್ರ ತುಂಬಾ ಎಚ್ಚರ ಇರಲಿ. ಪ್ರಾಕ್ಸಿ ಕಾದು ಕಾದು ಕೈಬಿಟ್ಟಿದೆ ಅನ್ನುವುದಷ್ಟೇ ಇದರ ಅರ್ಥ. ಏನೂ ಬದಲಿಸದಿದ್ದರೆ ಎಂಜಿನ್‌ಎಕ್ಸ್ 60 ಸೆಕೆಂಡ್ ಕಾಯುತ್ತದೆ. ಹಿಂದಿನ ಅಪ್ಲಿಕೇಶನ್ ಸರ್ವರ್‌ಗೆ ಇದು ಗೊತ್ತೇ ಇರುವುದಿಲ್ಲ, ಅದು ಕೆಲಸ ಮುಂದುವರಿಸಿ ಡೇಟಾಬೇಸ್‌ನಲ್ಲಿ ಕಮಿಟ್ (ಖಾಯಂ ದಾಖಲು) ಕೂಡ ಮಾಡಿರಬಹುದು. ಪರದೆಯ ಮೇಲೆ ತಪ್ಪು ನೋಡಿದವರು ಮತ್ತೆ ಬಟನ್ ಒತ್ತುತ್ತಾರೆ, ಅದೇ ಆರ್ಡರ್ ಎರಡು ಸಲ ದಾಖಲಾಗುತ್ತದೆ. ಹಣ ಕಳಿಸುವಂಥ ಕೆಲಸಕ್ಕೆ ಪ್ರತಿ ರಿಕ್ವೆಸ್ಟ್‌ಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಹೊಸ ಕೆಲಸ ಮಾಡದೆ ಹಳೆಯ ಫಲಿತಾಂಶವನ್ನೇ ವಾಪಸ್ ಕೊಡಬೇಕು. ಐಡೆಂಪೊಟೆನ್ಸಿ ಅನ್ನುವ ಪದ ಕೇಳಿರುತ್ತೀರಿ, ಅದು ಇದೇ. ಟೈಮ್‌ಔಟ್ ಜಾಸ್ತಿ ಮಾಡಿ ಸುಮ್ಮನಾಗುವುದು ಪರಿಹಾರ ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಎರಡನೇ ಸರ್ವರ್ ಸೇರಿಸಿದ ದಿನದಿಂದ ಬಳಕೆದಾರರು ಇದ್ದಕ್ಕಿದ್ದಂತೆ ಲಾಗ್‌ಔಟ್ ಆಗುತ್ತಿದ್ದಾರೆ. ಕೋಡು ಬದಲಿಸಿಲ್ಲ.

ಸೆಷನ್, ಅಂದರೆ ಲಾಗಿನ್ ಆದವರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿ, ಎಲ್ಲಿದೆ ಅಂತ ನೋಡಿ. ಬ್ರೌಸರ್‌ನಲ್ಲಿ ಇರುವುದು ಜೆಸೆಷನ್‌ಐಡಿ ಅನ್ನುವ ಕುಕ್ಕಿ ಮಾತ್ರ, ಸೆಷನ್‌ನ ನಿಜವಾದ ಮಾಹಿತಿ ಮೊದಲನೇ ಸರ್ವರ್‌ನ ಮೆಮೊರಿಯಲ್ಲಿದೆ. ಮುಂದಿನ ರಿಕ್ವೆಸ್ಟ್ ಎರಡನೇ ಸರ್ವರ್‌ಗೆ ಹೋದರೆ ಅದಕ್ಕೆ ಇವರು ಯಾರೋ ಅಪರಿಚಿತರು. ಸ್ಟಿಕಿ ಸೆಷನ್ ಹಾಕಿದರೆ ಲೋಡ್ ಬ್ಯಾಲೆನ್ಸರ್ ಒಬ್ಬರನ್ನು ಒಂದೇ ಸರ್ವರ್‌ಗೆ ಕಳಿಸುತ್ತದೆ. ಇವತ್ತೇ ಸಮಸ್ಯೆ ನಿಲ್ಲಬೇಕು ಅಂದರೆ ಅದನ್ನು ಮಾಡಿ. ಆದರೆ ಆ ಸರ್ವರ್ ಬಿದ್ದರೆ ಅದರಲ್ಲಿದ್ದವರೆಲ್ಲ ಮತ್ತೆ ಲಾಗ್‌ಔಟ್. ಇನ್ನೊಂದು ದಾರಿ ಸೆಷನ್ ರೆಪ್ಲಿಕೇಶನ್, ಅಂದರೆ ಕ್ಲಸ್ಟರ್‌ನ (ಒಟ್ಟಿಗೆ ಕೆಲಸ ಮಾಡುವ ಸರ್ವರ್‌ಗಳ ಗುಂಪಿನ) ನೋಡ್‌ಗಳು ಸೆಷನ್ ಪ್ರತಿಗಳನ್ನು ಪರಸ್ಪರ ಹಂಚಿಕೊಳ್ಳುವುದು. ಇದಕ್ಕೆ ಸೆಷನ್‌ನಲ್ಲಿಟ್ಟ ಆಬ್ಜೆಕ್ಟ್‌ಗಳು ಸೀರಿಯಲೈಜಬಲ್ (ಬೈಟ್‌ಗಳಾಗಿ ಬದಲಿಸಿ ಕಳಿಸಬಲ್ಲವು) ಆಗಿರಬೇಕು. ನನ್ನ ಒಲವು ಸೆಷನ್ ಅನ್ನು ರೆಡಿಸ್‌ನಂಥ ಹೊರಗಿನ ಜಾಗದಲ್ಲಿಟ್ಟು, ಅದರಲ್ಲಿ ಆದಷ್ಟು ಕಡಿಮೆ ಇಡುವುದರ ಕಡೆ.

ಪ್ರಶ್ನೆ: ಜೆಎನ್‌ಡಿಐ ಅಂದರೇನು? ಭದ್ರತೆಯ ಸುದ್ದಿಯಲ್ಲಿ ಮಾತ್ರ ಈ ಹೆಸರು ಕೇಳಿದ್ದೆ.

ಹೆಸರು ಕೊಟ್ಟರೆ ವಸ್ತು ಹುಡುಕಿಕೊಡುವ ವ್ಯವಸ್ಥೆ. ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಕೋಡಿನಲ್ಲಿ ಬರೆಯದೆ, ಸರ್ವರ್‌ನಲ್ಲಿ ಡೇಟಾಸೋರ್ಸ್ ಅಂತ ಮಾಡಿ ಹೆಸರಿಡುತ್ತಾರೆ, ಅಪ್ಲಿಕೇಶನ್ ಆ ಹೆಸರಿನಿಂದ ಕೇಳಿ ಪಡೆಯುತ್ತದೆ. ನೀವು ಕೇಳಿದ ಸುದ್ದಿ ಬಹುಶಃ 2021ರ ಡಿಸೆಂಬರ್‌ನ ಲಾಗ್‌ಫೋರ್‌ಶೆಲ್. ಲಾಗ್‌ಫೋರ್‌ಜೆ 2 ಲೈಬ್ರರಿ, ಲಾಗ್ ಮಾಡುವ ಸಾಲಿನೊಳಗೆ ಜೆಎನ್‌ಡಿಐ ಹುಡುಕಾಟದ ಸೂಚನೆ ಇದ್ದರೆ ಅದನ್ನು ಪಾಲಿಸಿಬಿಡುತ್ತಿತ್ತು. ದಾಳಿಕೋರರು ತಮ್ಮ ಸರ್ವರ್ ವಿಳಾಸ ಇರುವ ಅಂಥ ಸೂಚನೆಯನ್ನು ಯಾವುದೋ ಫಾರಂನಲ್ಲಿ ತುಂಬಿ, ಅದು ಲಾಗ್ ಆದರೆ ಸಾಕಿತ್ತು, ಅಲ್ಲಿಂದ ಕೋಡು ತಂದು ನಿಮ್ಮ ಸರ್ವರ್‌ನಲ್ಲಿ ಓಡಿಸಬಹುದಿತ್ತು. ತೀವ್ರತೆಯ ಅಂಕ 10ಕ್ಕೆ 10. ಹಳೆಯ ವಾರ್ ಫೈಲ್‌ಗಳ ಒಳಗೆ ಆ ಲೈಬ್ರರಿಯ ಹಳೆಯ ಜಾರ್ ಫೈಲ್ ಇನ್ನೂ ಕೂತಿದೆಯಾ ಅಂತ ದಯವಿಟ್ಟು ನೋಡಿ.

ಪ್ರಶ್ನೆ: ಟಾಮ್‌ಕ್ಯಾಟ್ 9ರಲ್ಲಿ ಚೆನ್ನಾಗಿ ಓಡುತ್ತಿದ್ದ ಅಪ್ಲಿಕೇಶನ್ 10ರಲ್ಲಿ ಏಳುವುದೇ ಇಲ್ಲ. ಕ್ಲಾಸ್ ಸಿಗುತ್ತಿಲ್ಲ ಅನ್ನುತ್ತದೆ.

ಒರಾಕಲ್ 2017ರಲ್ಲಿ ಜಾವಾ ಇಇಯನ್ನು (ಸರ್ವ್ಲೆಟ್, ಇಜೆಬಿ ಎಲ್ಲ ಸೇರಿದ ಎಂಟರ್‌ಪ್ರೈಸ್ ಜಾವಾ) ಎಕ್ಲಿಪ್ಸ್ ಫೌಂಡೇಶನ್‌ಗೆ ಬಿಟ್ಟುಕೊಡುವುದಾಗಿ ಹೇಳಿತು. ಹೆಸರು ಜಕಾರ್ತಾ ಇಇ ಆಯಿತು. 2020ರಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್ ಹೆಸರುಗಳು ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾದವು. ಟಾಮ್‌ಕ್ಯಾಟ್ 10 ಹೊಸ ಹೆಸರನ್ನೇ ಹುಡುಕುತ್ತದೆ. ಹಾಗಂತ ಎಲ್ಲ ಜಾವಾಎಕ್ಸ್ ಅನ್ನೂ ಕಣ್ಣುಮುಚ್ಚಿ ಬದಲಿಸಬೇಡಿ. ಜಾವಾಎಕ್ಸ್ ಎಸ್‌ಕ್ಯೂಎಲ್, ನೇಮಿಂಗ್, ಕ್ರಿಪ್ಟೊ ಇವೆಲ್ಲ ಮೂಲ ಜಾವಾಕ್ಕೇ ಸೇರಿದವು, ಹಳೆಯ ಹೆಸರಲ್ಲೇ ಉಳಿದಿವೆ. ಬದಲಾಯಿಸಬೇಕಾದದ್ದು ಸರ್ವ್ಲೆಟ್, ಪರ್ಸಿಸ್ಟೆನ್ಸ್, ಇಜೆಬಿ ಇಂಥವು. ಟಾಮ್‌ಕ್ಯಾಟ್ ತಂಡದವರೇ ವಾರ್ ಫೈಲ್ ಪರಿವರ್ತಿಸುವ ಒಂದು ಟೂಲ್ ಕೊಟ್ಟಿದ್ದಾರೆ, ಸೋರ್ಸ್ ಕೋಡ್ ಕೈಯಲ್ಲಿಲ್ಲದ ಹಳೆಯ ಅಪ್ಲಿಕೇಶನ್‌ಗೆ ಅದನ್ನು ಬಳಸಿ. ಕೋಡು ನಿಮ್ಮದೇ ಆಗಿದ್ದರೆ ಮೊದಲು ಲೈಬ್ರರಿಗಳ ಪಟ್ಟಿ ತೆಗೆಯಿರಿ. ನಿಮ್ಮ ಕೋಡು ಬದಲಾಗಿ, ಅದು ಬಳಸುವ ಲೈಬ್ರರಿ ಇನ್ನೂ ಹಳೆಯ ಸರ್ವ್ಲೆಟ್ ಹೆಸರನ್ನೇ ಹುಡುಕುತ್ತಿದ್ದರೂ ಇದೇ ತಪ್ಪು ಬರುತ್ತದೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್ ಬಳಸುತ್ತಿದ್ದರೆ 3ನೇ ಆವೃತ್ತಿಗೆ ಹೋಗಬೇಕು, ಅದಕ್ಕೆ ಕನಿಷ್ಠ ಜಾವಾ 17 ಬೇಕು.